ಹಳೆ ವೂಫರಿಗೆ ಹೊಸ ಪೆಟ್ಟಿಗೆ: ಮೊದಲು ಅಳತೆ, ಆಮೇಲೆ ಗರಗಸ

(ಬೆಳಗಾವಿಯಲ್ಲಿ ಆಡಿಯೋ ಹವ್ಯಾಸಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎಪ್ಪತ್ತು ಎಂಬತ್ತರ ದಶಕದ ಸ್ಪೀಕರ್ ಬಾಕ್ಸುಗಳು ಗುಜರಿ ಅಂಗಡಿಗೆ ಬಂದು ಬೀಳುವಾಗ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರುತ್ತವೆ. ಪೆಟ್ಟಿಗೆಯ ತಳ ನೀರು ಕುಡಿದು ಉಬ್ಬಿರುತ್ತದೆ. ವೂಫರಿನ (ತಗ್ಗು ದನಿಯ ದೊಡ್ಡ ಸ್ಪೀಕರಿನ) ಅಂಚಿನ ಫೋಮ್ ಬೆರಳು ತಾಗಿಸಿದರೆ ಪುಡಿಯಾಗುತ್ತದೆ. ಮ್ಯಾಗ್ನೆಟ್, ಬಾಸ್ಕೆಟ್ (ಲೋಹದ ಚೌಕಟ್ಟು), ಕೋನ್, ಅದನ್ನು ಆಡಿಸುವ ತಂತಿ ಸುರುಳಿಯಾದ ವಾಯ್ಸ್ ಕಾಯಿಲ್ ಮಾತ್ರ ಗಟ್ಟಿಯಾಗಿಯೇ ಉಳಿದಿರುತ್ತವೆ. ಆ ಕಾಲದ ಎಷ್ಟೋ ಪೆಟ್ಟಿಗೆಗಳು ಪಾರ್ಟಿಕಲ್ ಬೋರ್ಡಿನವು. ಬೆಳಗಾವಿಯ ನಾಲ್ಕು ತಿಂಗಳ ಮಳೆಗಾಲದ ಥಂಡಿಗೆ ಅವು ತಾಳಲಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಕಥೆ ಬೇರೆ: ನಲವತ್ತು ಡಿಗ್ರಿ ದಾಟುವ ಬೇಸಿಗೆಗೆ ಅಂಟು ಒಣಗಿ ಮೂಲೆಯ ಜೋಡಣೆ ಬಿಡುತ್ತದೆ, ವೆನೀರ್ ಎದ್ದು ನಿಲ್ಲುತ್ತದೆ. ಎರಡೂ ಕಡೆ ಸಾಯುವುದು ಪೆಟ್ಟಿಗೆ, ಬದುಕುವುದು ಡ್ರೈವರ್, ಅಂದರೆ ದನಿ ಹೊರಡಿಸುವ ಸ್ಪೀಕರ್ ಭಾಗ.

ಈ ಡ್ರೈವರಿಗೆ ಹೊಸ ಪೆಟ್ಟಿಗೆ ಕಟ್ಟುವವರು ಮೊದಲು ಮಾಡುವ ಕೆಲಸವೆಂದರೆ ಹಳೆ ಪೆಟ್ಟಿಗೆಗೆ ಟೇಪ್ ಹಿಡಿದು, ಅದೇ ಅಳತೆಯನ್ನು ಬಡಗಿಯ ಕೈಗೆ ಕೊಡುವುದು. ಇವತ್ತು ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಹಾಗೆ ಮಾಡಬೇಡಿ. ನಲವತ್ತು ವರ್ಷದಲ್ಲಿ ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಸುಕ್ಕುಬಟ್ಟೆ) ಸಡಿಲಾಗಿರುತ್ತದೆ, ನೀವು ಹಾಕುವ ಹೊಸ ಫೋಮಿನ ಬಿಗಿ ಮೂಲದ್ದಕ್ಕಿಂತ ಬೇರೆಯಿರುತ್ತದೆ, ಹಳೆ ಕಾಲದ ಆಲ್ನಿಕೋ ಮಿಶ್ರಲೋಹದ ಮ್ಯಾಗ್ನೆಟ್ ಆಗಿದ್ದರೆ ಅದರ ಬಲವೂ ಸ್ವಲ್ಪ ಇಳಿದಿರಬಹುದು. ಡ್ರೈವರ್ ಇವತ್ತು ಏನಾಗಿದೆಯೋ ಅದನ್ನು ಅಳೆದು ಪೆಟ್ಟಿಗೆ ಕಟ್ಟಬೇಕು. ಇನ್ನೊಂದು ಕಾರಣವೂ ಇದೆ. ಡ್ರೈವರನ್ನು ಅಳೆದು ಅದಕ್ಕೆ ತಕ್ಕ ಪೆಟ್ಟಿಗೆ ಗೊತ್ತುಮಾಡುವ ಲೆಕ್ಕವನ್ನು ಆಸ್ಟ್ರೇಲಿಯಾದ ಥೀಲ್ ಪ್ರಕಟಿಸಿದ್ದು 1961ರಲ್ಲಿ. ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು 1971ರಲ್ಲಿ ಮರುಮುದ್ರಣವಾದ ಮೇಲೆ. ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದ್ದು 1972-73ರಲ್ಲಿ. ಅದಕ್ಕಿಂತ ಹಿಂದಿನ ಪೆಟ್ಟಿಗೆಗಳಲ್ಲಿ ಬಹಳಷ್ಟು ಅಂದಾಜಿನ ಮೇಲೆ, ಕಪಾಟಿನಲ್ಲಿ ಕೂರುವ ಗಾತ್ರಕ್ಕೆ, ಹಲಗೆಯ ಉಳಿತಾಯಕ್ಕೆ ತಕ್ಕಂತೆ ಕಟ್ಟಿದವು.

ಗುಜರಿಯಲ್ಲಿ ಆರಿಸುವುದು

ಕೈಯಲ್ಲಿ ಒಂದು ಮಲ್ಟಿಮೀಟರ್, ಒಂದು ಪೆನ್‌ಟಾರ್ಚ್ ಸೆಲ್, ಎರಡು ತುಂಡು ವೈರ್ ಇದ್ದರೆ ಸಾಕು. ಎರಡೂ ಹೆಬ್ಬೆರಳನ್ನು ಕೋನಿನ ಎದುರು ಬದುರು ಇಟ್ಟು ಸಮವಾಗಿ ಮೂರು ನಾಲ್ಕು ಮಿಲಿಮೀಟರ್ ಒತ್ತಿ, ಕಿವಿ ಹತ್ತಿರ ತನ್ನಿ. ಕರಕರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ. ಫೋಮ್ ಹೋಗಿದ್ದಕ್ಕೇ ಕೋನ್ ವಾಲಿ ಉಜ್ಜುತ್ತಿದ್ದರೆ ಅದು ಸರಿಹೋಗುತ್ತದೆ; ಕೋನನ್ನು ಬೆರಳಿನಿಂದ ಮಧ್ಯಕ್ಕೆ ತಂದು ಮತ್ತೆ ಒತ್ತಿ ನೋಡಿ. ಆಗಲೂ ಉಜ್ಜಿದರೆ ಅಥವಾ ಅಲ್ಲಾಡದಿದ್ದರೆ ಮ್ಯಾಗ್ನೆಟ್ ಜಾಗ ಬಿಟ್ಟು ಸರಿದಿದೆ ಅಥವಾ ಕಾಯಿಲ್ ಸುಟ್ಟು ಉಬ್ಬಿದೆ. ಅಂಥದ್ದನ್ನು ಅಲ್ಲೇ ಬಿಟ್ಟುಬನ್ನಿ.

8 ಓಮಿನ ಡ್ರೈವರ್ ಮೀಟರಿನಲ್ಲಿ 5.5ರಿಂದ 7 ಓಮ್ ತೋರಿಸಬೇಕು. 4 ಓಮಿನದು 3ರಿಂದ 3.6. ಏನೂ ತೋರಿಸದಿದ್ದರೆ ತಕ್ಷಣ ಎಸೆಯಬೇಡಿ. ಟರ್ಮಿನಲ್ಲಿನಿಂದ ಕೋನಿಗೆ ಹೋಗುವ ಹೆಣೆದ ಮೆತ್ತನೆ ತಂತಿ ಕಡಿದಿರುವುದೇ ಹೆಚ್ಚು, ಅದನ್ನು ಬದಲಿಸಬಹುದು. ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಕೋನ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಪ್ಲಸ್. ಹಳೆ ಜೆಬಿಎಲ್ ಡ್ರೈವರುಗಳಲ್ಲಿ ಇದು ಉಲ್ಟಾ, ಹಾಗಾಗಿ ಕೆಂಪು ಗುರುತನ್ನು ನಂಬದೆ ಎರಡನ್ನೂ ಪರೀಕ್ಷಿಸಿ ನೀವೇ ಗುರುತು ಹಾಕಿ. ಟ್ವೀಟರಿಗೆ (ಎತ್ತರದ ದನಿಯ ಸಣ್ಣ ಸ್ಪೀಕರಿಗೆ) ಸೆಲ್ ತಾಗಿಸುವುದು ಬೇಡ. ಅದನ್ನು ಓಮ್ ನೋಡಿ, 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿಟ್ಟು, ಸಣ್ಣ ದನಿಯಲ್ಲಿ ಕೇಳಿ ನೋಡಬೇಕು.

ಬೆಳಗಾವಿಯವರಿಗೆ ಒಂದು ವಿಶೇಷ ಎಚ್ಚರಿಕೆ. ಇದು ಫೌಂಡ್ರಿ ಮತ್ತು ಲೇಥುಗಳ ಊರು. ಉದ್ಯಮಬಾಗ್ ಕಡೆಯ ಶೆಡ್ಡುಗಳಲ್ಲಿ ಬಿದ್ದಿದ್ದ ಡ್ರೈವರಿನ ಮ್ಯಾಗ್ನೆಟ್ ಕಬ್ಬಿಣದ ಪುಡಿಯನ್ನು ಎಳೆದು ಕಾಯಿಲಿನ ಸಂದಿಗೆ ಸೇರಿಸಿಕೊಂಡಿರುತ್ತದೆ. ಊದಿದರೆ ಅದು ಹೊರಬರುವುದಿಲ್ಲ. ಕೋನಿನ ನಡುವಿನ ಮುಚ್ಚಳವಾದ ಡಸ್ಟ್ ಕ್ಯಾಪ್ ಬಿಡಿಸಿದ ಮೇಲೆ, ಮಡಚಿದ ಅಂಟುಟೇಪಿನ ಅಂಚನ್ನು ಸಂದಿಯಲ್ಲಿ ಸುತ್ತಲೂ ತಿರುಗಿಸಿ ಎತ್ತಬೇಕು, ಟೇಪ್ ಬಿಳಿಯಾಗಿ ಬರುವ ತನಕ. ಇದೇ ಕಾರಣಕ್ಕೆ ಡ್ರೈವರ್ ರಿಪೇರಿಯನ್ನು ಗ್ರೈಂಡರ್ ಓಡುವ ಕೋಣೆಯಲ್ಲಿ ಮಾಡಬಾರದು.

ಫೋಮ್ ಬದಲಿಸುವುದು

ಮೇಣದಂಥ ಲೇಪವಿರುವ ಬಟ್ಟೆಯ ಅಂಚು ಬಾಳಿಕೆ ಬರುತ್ತದೆ, ಒಳ್ಳೆ ರಬ್ಬರೂ ಬರುತ್ತದೆ. ಪಾಲಿಯುರೆಥೇನ್ ಫೋಮ್ ಮಾತ್ರ ಗಾಳಿಯ ತೇವ ಸೇರಿ ಒಳಗೊಳಗೇ ಒಡೆಯುತ್ತದೆ. ಬಾಕ್ಸನ್ನು ಬಳಸದೆ ಬಟ್ಟೆ ಸುತ್ತಿ ಇಟ್ಟರೂ ಅದು ತಪ್ಪುವುದಿಲ್ಲ.

ಹೊಸ ಫೋಮ್ ತರಿಸುವ ಮುನ್ನ ನಾಲ್ಕು ಅಳತೆ ಬರೆದುಕೊಳ್ಳಿ: ಕೋನಿನ ಹೊರವ್ಯಾಸ, ಫೋಮ್ ಕೋನಿಗೆ ಅಂಟುವ ಜಾಗದ ಒಳವ್ಯಾಸ, ಉಬ್ಬಿನ ಅಗಲ, ಬಾಸ್ಕೆಟ್ಟಿನ ಮೇಲೆ ಕೂರುವ ಹೊರವ್ಯಾಸ. ‘ಎಂಟು ಇಂಚು’ ಎಂದಷ್ಟೇ ಹೇಳಿ ತರಿಸಿದರೆ ಹೊಂದುವುದು ಅದೃಷ್ಟ. ಫೋಮಿನ ಬದಲು ದಪ್ಪ ರಬ್ಬರ್ ಹಾಕುವವರಿದ್ದಾರೆ. ಅದು ಬಾಳಿಕೆ ಬರುತ್ತದೆ ನಿಜ, ಆದರೆ ಚಲಿಸುವ ಭಾಗದ ತೂಕ ಹೆಚ್ಚಿ ದನಿಯ ಮಟ್ಟ ಇಳಿಯುತ್ತದೆ, ಟ್ವೀಟರ್ ಜೊತೆಗಿನ ಹೊಂದಾಣಿಕೆ ಕೆಡುತ್ತದೆ.

ಹಳೆ ಫೋಮಿನ ಜಿಗುಟನ್ನು ಬಾಸ್ಕೆಟ್ಟಿನಿಂದ ಬ್ಲೇಡಿನಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಕಾಗದದ ಕೋನಿನ ಮೇಲೆ ತಾಳ್ಮೆ ಬೇಕು: ಹತ್ತಿಯ ಕಡ್ಡಿಗೆ ಒಂದಿಷ್ಟೇ ಹಚ್ಚಿ ಸುರುಳಿ ಸುರುಳಿಯಾಗಿ ಉಜ್ಜಬೇಕು, ನೆನೆಯಬಾರದು. ಪ್ಲಾಸ್ಟಿಕ್ ಕೋನಿಗೆ ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ.

ಮೊದಲು ಫೋಮಿನ ಒಳ ಅಂಚನ್ನು ಕೋನಿಗೆ ಅಂಟಿಸಿ ಪೂರ್ತಿ ಒಣಗಲು ಬಿಡಿ. ಮೂಲದಲ್ಲಿ ಅದು ಕೋನಿನ ಮೇಲಿತ್ತೋ ಕೆಳಗಿತ್ತೋ ಹಾಗೆಯೇ ಇರಲಿ, ಇಲ್ಲದಿದ್ದರೆ ಕೋನಿನ ವಿಶ್ರಾಂತಿ ಸ್ಥಾನ ಬದಲಾಗುತ್ತದೆ. ಹೊರ ಅಂಚನ್ನು ಬಾಸ್ಕೆಟ್ಟಿಗೆ ಅಂಟಿಸುವಾಗಲೇ ಕೆಲಸ ಕೆಡುವುದು. ಕಾಯಿಲ್ ಸಂದಿಯ ನಟ್ಟನಡುವೆ ನಿಲ್ಲಬೇಕು, ಅಲ್ಲಿರುವ ಜಾಗ ಮಿಲಿಮೀಟರಿನ ಭಾಗದಷ್ಟು ಮಾತ್ರ. ಖಚಿತ ದಾರಿ ಎಂದರೆ ಡಸ್ಟ್ ಕ್ಯಾಪನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲ್ ಮತ್ತು ನಡುಗಂಬದ ನಡುವೆ ಹಳೆ ಕ್ಯಾಮೆರಾ ಫಿಲ್ಮ್ ಅಥವಾ ಒಎಚ್‌ಪಿ ಪಾರದರ್ಶಕ ಹಾಳೆಯ ಪಟ್ಟಿಗಳನ್ನು ನಾಲ್ಕು ದಿಕ್ಕಿಗೆ ಇಳಿಸಿ, ಆಮೇಲೆ ಹೊರ ಅಂಚು ಅಂಟಿಸುವುದು. ಅಂಟು ಒಣಗಿದ ಮೇಲೆ ಪಟ್ಟಿ ತೆಗೆದು, 20-30 ಹರ್ಟ್ಜ್‌ನ ಸ್ವರವನ್ನು ಮೆಲ್ಲಗೆ ಕೊಟ್ಟು ಕೇಳಿ. ಸದ್ದಿಲ್ಲದೆ ಕೋನ್ ಹಿಂದೆ ಮುಂದೆ ಆಡಬೇಕು. ಆಮೇಲಷ್ಟೇ ಡಸ್ಟ್ ಕ್ಯಾಪ್ ಮುಚ್ಚಿ. ಅಂಟಿನ ವಿಷಯದಲ್ಲಿ ನನ್ನ ಒಲವು ಇದೇ ಕೆಲಸಕ್ಕೆಂದು ಸಿಗುವ ಬಿಳಿ ಅಂಟಿನ ಕಡೆಗೆ: ಒಣಗುವ ಮೊದಲ ಕೆಲವು ನಿಮಿಷ ಫೋಮನ್ನು ಸರಿಸಲು ಅವಕಾಶ ಕೊಡುತ್ತದೆ. ಕಾಂಟ್ಯಾಕ್ಟ್ ಅಂಟು ಹಾಗಲ್ಲ, ಮುಟ್ಟಿದಲ್ಲೇ ಹಿಡಿಯುತ್ತದೆ.

ಅಳತೆ

ಫೋಮ್ ಹಾಕಿ, ಕೆಲವು ಗಂಟೆ ಆಡಿಸಿ, ಅಂಚು ಮೆತ್ತಗಾದ ಮೇಲೆ ಅಳೆಯಿರಿ. ಅದಕ್ಕಿಂತ ಮೊದಲು ಅಳೆದರೆ ಅನುರಣನ (ಕೋನ್ ತಾನಾಗಿ ಮಿಡಿಯುವ ಕಂಪನಾಂಕ) ಹೆಚ್ಚಾಗಿ ಬಂದು ಲೆಕ್ಕ ತಪ್ಪುತ್ತದೆ.

ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ 1000 ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ, ಆಚೆ ತುದಿಗೆ ಡ್ರೈವರ್ ಜೋಡಿಸಿ. ಮೊದಲು ಡ್ರೈವರಿನ ಜಾಗದಲ್ಲಿ 10 ಓಮಿನ ರೆಸಿಸ್ಟರ್ ಇಟ್ಟು, ಅದರ ಮೇಲೆ 10 ಮಿಲಿವೋಲ್ಟ್ ಬರುವಂತೆ ವಾಲ್ಯೂಮ್ ಇಡಿ. ಈಗ ಮೀಟರ್ ತೋರಿಸುವ ಮಿಲಿವೋಲ್ಟೇ ಹೆಚ್ಚುಕಡಿಮೆ ಓಮ್. 50ರ ಹತ್ತಿರ ಶೇ 4ರಷ್ಟು ಕಡಿಮೆ ತೋರಿಸುತ್ತದೆ, ಅಷ್ಟನ್ನು ಸೇರಿಸಿಕೊಳ್ಳಿ. ಅಗ್ಗದ ಮೀಟರುಗಳಲ್ಲಿ ಎಸಿ ಮಿಲಿವೋಲ್ಟ್ ರೇಂಜೇ ಇರುವುದಿಲ್ಲ. ಅಂಥವರು ಲ್ಯಾಪ್‌ಟಾಪಿನ ಸೌಂಡ್‌ಕಾರ್ಡ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ ತಂತ್ರಾಂಶ ಬಳಸಲಿ, ಇಡೀ ಗೆರೆಯೇ ಪರದೆ ಮೇಲೆ ಬರುತ್ತದೆ. ಡ್ರೈವರನ್ನು ಮೇಜಿನ ಮೇಲೆ ಮಲಗಿಸದೆ, ಹಿಂದೆ ಮುಂದೆ ಗಾಳಿ ಆಡುವಂತೆ ನೆಟ್ಟಗೆ ಹಿಡಿದಿಡಬೇಕು.

ಒಂದು ಎಂಟು ಇಂಚಿನ ವೂಫರನ್ನು ಉದಾಹರಣೆಗೆ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ. ಡಿಸಿ ರೋಧ 6.4 ಓಮ್. ಫೋನಿನ ಟೋನ್ ಆಪ್‌ನಿಂದ ಕಂಪನಾಂಕವನ್ನು ಏರಿಸುತ್ತ ಹೋದಾಗ 38 ಹರ್ಟ್ಜ್‌ನಲ್ಲಿ ಓಮ್ ಅತಿ ಹೆಚ್ಚು, 52. ಅದೇ ಅನುರಣನ. 52ನ್ನು 6.4ರಿಂದ ಭಾಗಿಸಿದರೆ 8.12, ಅದರ ವರ್ಗಮೂಲ 2.85. ಈಗ 52 ಮತ್ತು 6.4ರ ಗುಣಲಬ್ಧದ ವರ್ಗಮೂಲ, ಅಂದರೆ 18.2 ಓಮ್, 38ರ ಈಚೆ ಎಲ್ಲಿ ಬರುತ್ತದೆ, ಆಚೆ ಎಲ್ಲಿ ಬರುತ್ತದೆ ಎಂದು ಹುಡುಕಿ. ನಮ್ಮ ಉದಾಹರಣೆಯಲ್ಲಿ 25.3 ಮತ್ತು 57.1, ಅಂತರ 31.8. ಕ್ಯೂ ಎಂದರೆ ಆ ಮಿಡಿತ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಂಕಿ, ಹೆಚ್ಚಿದಷ್ಟೂ ತಡ. ಯಾಂತ್ರಿಕ ಕ್ಯೂ = 38 × 2.85 ÷ 31.8 = 3.4. ವಿದ್ಯುತ್ ಕ್ಯೂ = 3.4 ÷ (8.12 − 1) = 0.48. ಎರಡರ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರೆ ಒಟ್ಟು ಕ್ಯೂ 0.42.

ಉಳಿದದ್ದು ಸಮಾನ ಗಾಳಿಯ ಗಾತ್ರ, ಅಂದರೆ ಕೋನಿನ ಆಸರೆಯಷ್ಟೇ ಬಿಗಿಯಾಗಿ ಸ್ಪ್ರಿಂಗಿನಂತೆ ವರ್ತಿಸುವ ಗಾಳಿಯ ಗಾತ್ರ. ಮಕ್ಕಳ ಆಟದ ಕ್ಲೇಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ 10 ಗ್ರಾಂ ತೂಗಿಸಿ, ಡಸ್ಟ್ ಕ್ಯಾಪಿನ ಸುತ್ತ ಸಮನಾಗಿ ಮೆತ್ತಿ ಮತ್ತೆ ಅನುರಣನ ನೋಡಿ. ನಾಣ್ಯ ಇಡುವುದು ಬೇಡ, ನಮ್ಮ ಸ್ಟೀಲ್ ನಾಣ್ಯಗಳನ್ನು ಮ್ಯಾಗ್ನೆಟ್ ಎಳೆಯುತ್ತದೆ. 38 ಇದ್ದದ್ದು 30.7ಕ್ಕೆ ಇಳಿದರೆ, ಎರಡರ ಅನುಪಾತದ ವರ್ಗ 1.53, ಚಲಿಸುವ ತೂಕ 10 ÷ 0.53, ಸುಮಾರು 18.8 ಗ್ರಾಂ. ಕೋನಿನ ಪರಿಣಾಮಕಾರಿ ವ್ಯಾಸವನ್ನು ಫೋಮಿನ ಉಬ್ಬಿನ ನಡುವಿನಿಂದ ನಡುವಿಗೆ ಅಳೆಯಬೇಕು, 16.5 ಸೆಂ.ಮೀ. ಇದ್ದರೆ ಈ ತೂಕ ಮತ್ತು ಅನುರಣನಕ್ಕೆ ಸಮಾನ ಗಾತ್ರ 60 ಲೀಟರಿನ ಆಸುಪಾಸು ಬರುತ್ತದೆ. ಜೋಡಿಯ ಎರಡೂ ವೂಫರನ್ನು ಅಳೆಯಿರಿ. ಅನುರಣನದಲ್ಲಿ ಶೇ 10ರಷ್ಟು ವ್ಯತ್ಯಾಸ ಸಹಿಸಬಹುದು, ಅದಕ್ಕಿಂತ ಹೆಚ್ಚಿದ್ದರೆ ಒಂದರ ಫೋಮ್ ಸರಿಯಾಗಿ ಕೂತಿಲ್ಲ.

ಮುಚ್ಚಿದ ಪೆಟ್ಟಿಗೆ

ಮೊದಲ ಸಲ ಕಟ್ಟುವವರಿಗೆ ಮುಚ್ಚಿದ ಪೆಟ್ಟಿಗೆಯನ್ನೇ ಹೇಳುತ್ತೇನೆ. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರ್ ಜೊತೆ ತಂದ ವಿಚಾರ ಇದು: ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್. ಹಳೆ ಡ್ರೈವರಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ದಣಿದ ಸ್ಪೈಡರಿನ ಕೆಲಸವನ್ನು ಗಾಳಿ ಹಂಚಿಕೊಳ್ಳುತ್ತದೆ. ಲೆಕ್ಕದಲ್ಲಿ ಐದು ಲೀಟರ್ ಹೆಚ್ಚುಕಡಿಮೆ ಆದರೂ ಕಿವಿಗೆ ದೊಡ್ಡ ಪೆಟ್ಟಿಲ್ಲ.

ಪೆಟ್ಟಿಗೆಯೊಳಗಿನ ಕ್ಯೂ 0.707 ಬೇಕೆಂದಿಟ್ಟುಕೊಳ್ಳಿ. 0.707 ÷ 0.42 = 1.68, ಅದರ ವರ್ಗ 2.83, ಒಂದು ಕಳೆದರೆ 1.83. 60 ಲೀಟರನ್ನು ಇದರಿಂದ ಭಾಗಿಸಿದರೆ 32.7 ಲೀಟರ್. ಪೆಟ್ಟಿಗೆಯೊಳಗಿನ ಅನುರಣನ 38 × 1.68, ಅಂದರೆ 64 ಹರ್ಟ್ಜ್. ವೂಫರಿನ ಬೆನ್ನು, ಒಳಗಿನ ಆಸರೆ ಪಟ್ಟಿ, ಕ್ರಾಸ್‌ಓವರ್ (ದನಿಯನ್ನು ವೂಫರ್ ಮತ್ತು ಟ್ವೀಟರಿಗೆ ಹಂಚುವ ಜೋಡಣೆ) ಸೇರಿ ಮೂರು ಲೀಟರ್ ತಿನ್ನುತ್ತವೆ. ಹಾಗಾಗಿ ಒಳ ಅಳತೆ 240 × 270 × 550 ಮಿ.ಮೀ. ಇಟ್ಟರೆ 35.6 ಲೀಟರ್, ಸರಿಹೊಂದುತ್ತದೆ.

18 ಮಿ.ಮೀ. ಪ್ಲೈವುಡ್ಡಿನಲ್ಲಿ ಒಂದು ಜೋಡಿಗೆ ಬೇಕಾದ ಹಲಗೆಗಳು ಇವು: ಮುಂದೆ ಹಿಂದೆ ಸೇರಿ 276 × 586ರ ನಾಲ್ಕು, ಪಕ್ಕಕ್ಕೆ 270 × 586ರ ನಾಲ್ಕು, ಮೇಲೆ ಕೆಳಗೆ 240 × 270ರ ನಾಲ್ಕು. ಎಂಟು ನಾಲ್ಕಡಿಯ ಒಂದು ಶೀಟಿನಲ್ಲಿ ಅರ್ಧಕ್ಕೆ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಉಳಿದದ್ದರಲ್ಲಿ ಒಳ ಆಸರೆ ಕತ್ತರಿಸಿ: 240 × 270ರ ಹಲಗೆಗೆ ದೊಡ್ಡ ಕಿಟಕಿ ಕೊರೆದು, ಎತ್ತರದ ನಟ್ಟನಡುವೆ ಬಿಟ್ಟು ಐದರಲ್ಲಿ ಎರಡು ಭಾಗದಲ್ಲಿ ಕೂರಿಸಿ. ನಡುವೆ ಕೂರಿಸಿದರೆ ಎರಡೂ ಅರ್ಧ ಒಂದೇ ಕಂಪನಾಂಕದಲ್ಲಿ ಮಿಡಿಯುತ್ತವೆ. ಬೆಳಗಾವಿ, ಖಾನಾಪುರದ ಮಳೆಗೆ ಐಎಸ್ 710 ಗುರುತಿನ, ನೀರು ತಾಳುವ ಶೀಟನ್ನೇ ತೆಗೆದುಕೊಳ್ಳಿ. ಒಣ ಹವೆಯ ಬಾಗಲಕೋಟೆಗೆ ಐಎಸ್ 303 ಸಾಕು. ಮಿಲ್ಲಿನಲ್ಲೇ ಟೇಬಲ್ ಗರಗಸದಿಂದ ಒಂದೇ ಅಳತೆಯವನ್ನೆಲ್ಲ ಒಂದೇ ಸೆಟ್ಟಿಂಗಿನಲ್ಲಿ ಕೊಯ್ಯಿಸಿದರೆ ಮೂಲೆ ತಾನಾಗಿ ಹೊಂದುತ್ತದೆ.

ಗಾಳಿ ಸೋರಿದರೆ ಇಷ್ಟೆಲ್ಲ ಲೆಕ್ಕ ವ್ಯರ್ಥ. ಒಳಮೂಲೆಗಳಿಗೆಲ್ಲ ಅಂಟಿನ ಏಣು ಬಿಡಿ. ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಅದರಿಂದೇಳುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಡ್ರೈವರಿನ ಅಡಿಗೆ ತೆಳು ಇವಿಎ ಫೋಮಿನ ಪಟ್ಟಿ ಇರಲಿ. ಎಲ್ಲ ಮುಗಿದ ಮೇಲೆ 25 ಹರ್ಟ್ಜ್ ಸ್ವರ ಮೆಲ್ಲಗೆ ಹಚ್ಚಿ, ಹೊಗೆಯಾಡುವ ಊದಿನಕಡ್ಡಿಯನ್ನು ಸಂದುಗಳ ಉದ್ದಕ್ಕೂ, ಟರ್ಮಿನಲ್ ಸುತ್ತಲೂ ಒಯ್ಯಿರಿ. ಹೊಗೆ ನಡುಗಿದ ಕಡೆ ಸೋರಿಕೆಯಿದೆ. ಹೆಚ್ಚಿನ ಸಲ ಅದು ಟರ್ಮಿನಲ್ ತಟ್ಟೆಯಲ್ಲೇ ಇರುತ್ತದೆ.

ಒಳಗೆ ತುಂಬಲು ದಿಂಬಿಗೆ ಹಾಕುವ ರೆಕ್ರಾನ್ ಒಂದು ಪೆಟ್ಟಿಗೆಗೆ 300ರಿಂದ 350 ಗ್ರಾಂ ಸಾಕು, ಗಿಡಿದು ತುರುಕಬಾರದು. ಕುರಿ ಉಣ್ಣೆ ಇದಕ್ಕಿಂತ ಚೆನ್ನಾಗಿ ದನಿಯನ್ನು ಹೀರುತ್ತದೆ, ನಮ್ಮ ಮೂರೂ ಜಿಲ್ಲೆಗಳಲ್ಲಿ ಕರಿ ಕಂಬಳಿ ಸಿಗುವುದು ನಮ್ಮ ಭಾಗ್ಯ. ಹೊಸ ಕಂಬಳಿಗೆ ಹುಣಸೆ ಬೀಜದ ಸರಿ ಕೊಟ್ಟಿರುತ್ತಾರೆ. ಅದನ್ನು ತೊಳೆದು ತೆಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಎರಡು ಮೂರು ಮಡಿಕೆ ಮಾಡಿ ಹಿಂದಿನ ಹಲಗೆಗೆ, ಮೇಲ್ಭಾಗಕ್ಕೆ, ಒಂದು ಪಕ್ಕಕ್ಕೆ ಮೊಳೆ ಹೊಡೆಯಿರಿ. ಸರಿ ಇದ್ದರೆ ಕಂಬಳಿ ಹಲಗೆಯ ಹಾಗೆ ಬಿಗಿಯಾಗಿರುತ್ತದೆ, ದನಿ ಒಳಗಿಳಿಯುವುದಿಲ್ಲ.

ವೂಫರ್ ಕೂರಿಸುವಾಗ ಮೊದಲಿದ್ದದ್ದಕ್ಕೆ ತಲೆಕೆಳಗಾಗಿ ತಿರುಗಿಸಿ. ದಶಕಗಟ್ಟಲೆ ಒಂದೇ ದಿಕ್ಕಿಗೆ ಜಗ್ಗಿದ ಸ್ಪೈಡರ್ ಈಗ ಇನ್ನೊಂದು ದಿಕ್ಕಿಗೆ ಜಗ್ಗಲಿ. ಸ್ಕ್ರೂಡ್ರೈವರನ್ನು ಮ್ಯಾಗ್ನೆಟ್ ಸೆಳೆದು ಕೋನಿಗೆ ತೂತು ಬೀಳುವುದು ಬಹಳ ಸಾಮಾನ್ಯ. ಹಿತ್ತಾಳೆ ಸ್ಕ್ರೂ ಬಳಸಿ, ಕೋನಿನ ಮೇಲೆ ರಟ್ಟು ಮುಚ್ಚಿ ಕೆಲಸ ಮಾಡಿ.

ಗಾಳಿಕೊಳವೆ ಇರುವ ಪೆಟ್ಟಿಗೆಯ ಬಗ್ಗೆ ಎರಡೇ ಮಾತು. ಅನುರಣನವನ್ನು ವಿದ್ಯುತ್ ಕ್ಯೂನಿಂದ ಭಾಗಿಸಿದಾಗ 50ಕ್ಕಿಂತ ಕಡಿಮೆ ಬಂದರೆ ಮುಚ್ಚಿದ್ದೇ ಸರಿ, 100ರ ಹತ್ತಿರ ಅಥವಾ ಮೇಲಿದ್ದರೆ ಕೊಳವೆ. ನಮ್ಮದು 79, ಎರಡಕ್ಕೂ ನಡೆಯುತ್ತದೆ. 40 ಲೀಟರ್ ಪೆಟ್ಟಿಗೆಯನ್ನು 38 ಹರ್ಟ್ಜ್‌ಗೆ ಹೊಂದಿಸಲು 7 ಸೆಂ.ಮೀ. ಒಳವ್ಯಾಸದ ಕೊಳವೆ ಸುಮಾರು 15 ಸೆಂ.ಮೀ. ಉದ್ದ ಬೇಕು. ಹೊಲಕ್ಕೆ ಹಾಕುವ 75 ಮಿ.ಮೀ. ಪಿವಿಸಿ ಪೈಪ್ ಈ ಕೆಲಸಕ್ಕೆ ಬರುತ್ತದೆ, ಗೇಜಿನ ಮೇಲೆ ಒಳವ್ಯಾಸ ಬದಲಾಗುವುದರಿಂದ ಅಳೆದೇ ಲೆಕ್ಕ ಹಾಕಿ.

ಕ್ರಾಸ್‌ಓವರ್

ಹಳೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಎಲ್ಲರೂ ಬದಲಿಸುತ್ತಾರೆ, ಬದಲಿಸಲೂ ಬೇಕು. ಆದರೆ ಅವುಗಳೊಳಗೆ ಸ್ವಲ್ಪ ರೋಧ ಇತ್ತು, ಹೊಸ ಪಾಲಿಪ್ರೊಪಿಲೀನಿನಲ್ಲಿ ಅದಿಲ್ಲ. ಹಾಗಾಗಿ ಟ್ವೀಟರ್ ಒಮ್ಮೆಲೆ ಚುಚ್ಚತೊಡಗುತ್ತದೆ. 0.5ರಿಂದ 1 ಓಮಿನ ರೆಸಿಸ್ಟರನ್ನು ಸರಣಿಯಲ್ಲಿ ಸೇರಿಸಿದರೆ ಮೊದಲಿನ ಸಮತೋಲ ಬರುತ್ತದೆ.

ಹೊಸದಾಗಿ ಮಾಡುವುದಾದರೆ 8 ಓಮಿನ ಟ್ವೀಟರಿಗೆ 2500 ಹರ್ಟ್ಜ್‌ನಲ್ಲಿ ಎರಡನೇ ದರ್ಜೆಯ ಲಿಂಕ್‌ವಿಟ್ಜ್-ರೈಲಿ ಜೋಡಣೆ: 4 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ, 1 ಮಿಲಿಹೆನ್ರಿಯ ಸುರುಳಿ ಅಡ್ಡಕ್ಕೆ. ಟ್ವೀಟರಿನ ಸ್ವಂತ ಅನುರಣನ 1250ಕ್ಕಿಂತ ಕೆಳಗಿರಬೇಕು. ಈ ಜೋಡಣೆಯಲ್ಲಿ ಟ್ವೀಟರಿನ ಪ್ಲಸ್ ಮೈನಸ್ ಉಲ್ಟಾ ಕೊಡಬೇಕು, ಮರೆತರೆ 2500ರ ಸುತ್ತ ದೊಡ್ಡ ಹಳ್ಳ ಬೀಳುತ್ತದೆ, ಹಾಡುವವರು ಕೋಣೆಯಿಂದ ಹಿಂದೆ ಸರಿದಂತೆ ಕೇಳುತ್ತದೆ. ವೂಫರಿನ ಅಡ್ಡಕ್ಕೆ 8.2 ಓಮ್ ಮತ್ತು 10 ಮೈಕ್ರೋಫ್ಯಾರಡ್ ಸರಣಿಯಾಗಿ ಹಾಕಿದರೆ, ಕಂಪನಾಂಕ ಏರಿದಂತೆ ಅದರ ಓಮ್ ಏರುವುದು ನಿಂತು ಫಿಲ್ಟರ್ ಲೆಕ್ಕದಂತೆ ನಡೆಯುತ್ತದೆ.

276 ಮಿ.ಮೀ. ಅಗಲದ ಮುಖವಿದ್ದಾಗ ಸುಮಾರು 415 ಹರ್ಟ್ಜ್‌ನ ಕೆಳಗೆ ದನಿ ಪೆಟ್ಟಿಗೆಯ ಹಿಂದಕ್ಕೂ ಹರಡಿ ಮುಂದೆ ತೆಳುವಾಗುತ್ತದೆ. ಅದಕ್ಕೆ ವೂಫರಿಗೆ ಸರಣಿಯಲ್ಲಿ ಹಾಕುವ ಸುರುಳಿಯನ್ನು 1ರ ಬದಲು 1.5ರಿಂದ 2 ಮಿಲಿಹೆನ್ರಿಗೆ ಏರಿಸಿ, ಟ್ವೀಟರನ್ನು 2.2 ಓಮ್ ಸರಣಿ, 20 ಓಮ್ ಅಡ್ಡಕ್ಕೆ ಕೊಟ್ಟು 3 ಡೆಸಿಬೆಲ್ ಇಳಿಸಿ. ಸುರುಳಿ ಸುತ್ತಿಸಲು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿಗಿಂತ ಒಳ್ಳೆ ಜಾಗವಿಲ್ಲ, ಎನಾಮೆಲ್ ತಂತಿ ಎಲ್ಲ ಗೇಜಿನಲ್ಲೂ ಅಲ್ಲಿರುತ್ತದೆ. ಆದರೆ ತೆಳು ತಂತಿಗೆ ಒಪ್ಪಬೇಡಿ. ಸುರುಳಿಯ ರೋಧ 0.5 ಓಮ್ ಇದ್ದರೆ ನಮ್ಮ ಉದಾಹರಣೆಯ ಪೆಟ್ಟಿಗೆ ಕ್ಯೂ 0.71 ಇದ್ದದ್ದು 0.75 ಆಗುತ್ತದೆ. ಅಷ್ಟು ನಡೆಯುತ್ತದೆ, 1 ಓಮ್ ಆದರೆ ಬಾಸ್ ಗುಂಯ್‌ಗುಡತೊಡಗುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ, ದೂರ ದೂರ ಕೂರಿಸಿ.

ಸಭಿಕರ ಪ್ರಶ್ನೆಗಳು

“ಸರ್, ಮನ್ಯಾಗ ಹಳೇ ವಾಲ್ವ್ ರೇಡಿಯೋದ ಸ್ಪೀಕರ್ ಅದರಿ. ಅದಕ್ಕೂ ಹಿಂಗ ಬಾಕ್ಸ್ ಮಾಡಬಹುದೇನ್ರಿ?”

ಅಳೆದು ನೋಡ್ರಿ. ಅವುಗಳ ಒಟ್ಟು ಕ್ಯೂ ಹೆಚ್ಚಾಗಿ 0.7ರ ಮೇಲೆಯೇ ಇರುತ್ತದೆ. ಅಂಥದ್ದನ್ನು ಮುಚ್ಚಿದ ಸಣ್ಣ ಪೆಟ್ಟಿಗೆಗೆ ಹಾಕಿದರೆ ಒಂದೇ ಬಾಸ್ ಸ್ವರ ಗುಮ್ಮೆನ್ನುತ್ತದೆ. 60ರಿಂದ 90 ಸೆಂ.ಮೀ. ಅಗಲದ ತೆರೆದ ಹಲಗೆಗೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಕೂರಿಸಿ. ಮ್ಯಾಗ್ನೆಟ್ ಜಾಗದಲ್ಲಿ ದೊಡ್ಡ ಸುರುಳಿ ಇದ್ದರೆ ಅದು ಫೀಲ್ಡ್ ಕಾಯಿಲ್ ಸ್ಪೀಕರ್. ಆ ಸುರುಳಿಗೆ ರೇಡಿಯೋದ ಹೈ ವೋಲ್ಟೇಜ್ ಬೇಕು, ಬರೀ ಆಂಪ್ಲಿಫೈಯರಿಗೆ ಜೋಡಿಸಿದರೆ ಅದು ನುಡಿಯುವುದಿಲ್ಲ.

“ಸಾಗವಾನಿ ಹಲಗೀನ ಹಾಕಿದ್ರ?”

ಇಡೀ ಪೆಟ್ಟಿಗೆಗೆ ಬೇಡ. ಗಟ್ಟಿ ಮರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಅಗಲ ಹಲಗೆಯ ಜೋಡಣೆ ಬಾಯಿ ಬಿಡುತ್ತದೆ. ಪ್ಲೈವುಡ್ಡಿನ ಮೇಲೆ ಸಾಗವಾನಿ ವೆನೀರ್ ಹಚ್ಚಿ, ಅಂಚಿಗೆ ಸಾಗವಾನಿ ಪಟ್ಟಿ ಕೊಡಿ.

“ಮುಂದಿನ ಬಟ್ಟೆಗೆ ಗುಳೇದಗುಡ್ಡದ ಖಣ ಹಾಕಬಹುದಾ?”

ನೋಡಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ತಡೆಯಿಲ್ಲದೆ ಆಚೆ ಬಂದರೆ ಮಾತ್ರ ಟ್ವೀಟರಿನ ಮುಂದೆ ಹಾಕಬಹುದು. ಖಣದ ನೇಯ್ಗೆ ದಟ್ಟ, ಹೆಚ್ಚಿನವು ಈ ಪರೀಕ್ಷೆ ದಾಟುವುದಿಲ್ಲ. ಚೌಕಟ್ಟಿನ ಅಂಚಿಗೆ ಖಣದ ಪಟ್ಟಿ ಕೊಟ್ಟು, ನಡುವೆ ತೆಳು ಜಾಳಿಗೆ ಬಟ್ಟೆ ಬಿಗಿಯಿರಿ.

“ಎಲ್ಲಿ ಇಡೋದು ಬಾಕ್ಸ್?”

40 ಸೆಂ.ಮೀ. ಎತ್ತರದ ಸ್ಟ್ಯಾಂಡ್ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಬರುವಂತೆ. ಹಿಂದಿನ ಗೋಡೆಯಿಂದ ಎರಡಡಿ ಮುಂದಕ್ಕೆ ಇಟ್ಟು ತಂಬೂರಿ ಜೊತೆಗಿನ ಗಾಯನ ಹಚ್ಚಿ. ತಂಬೂರಿಯ ಖರ್ಜದ ತಂತಿ ಉಳಿದವುಗಳಿಗಿಂತ ಉಬ್ಬಿ ಕೇಳಿದರೆ ಇನ್ನೂ ಮುಂದಕ್ಕೆ ತನ್ನಿ, ಕಂಠ ತೆಳುವಾಯಿತೆನ್ನಿಸಿದರೆ ನಾಲ್ಕು ನಾಲ್ಕು ಬೆರಳಿನಷ್ಟು ಹಿಂದಕ್ಕೆ ತಳ್ಳಿ. ಒಂದು ತಿಂಗಳಾದ ಮೇಲೆ ವೂಫರಿನ ಸ್ಕ್ರೂಗಳನ್ನು ಎದುರುಬದುರಾಗಿ ಕಾಲು ಸುತ್ತು ಬಿಗಿಗೊಳಿಸಬೇಕು, ಅಷ್ಟರಲ್ಲಿ ಅಡಿಯ ಫೋಮ್ ಪಟ್ಟಿ ಅಮುಕಿ ಕೂತಿರುತ್ತದೆ.